ಹಳೇ ಯೆಜ್ಡಿಗೆ ಹೊಸ ಪಿಸ್ಟನ್: ಡಬ್ಬಿ ನೋಡಿ ಬೋರ್ ಮಾಡಿಸಬೇಡಿ

ಪುಣೆಯ ನಾನಾ ಪೇಠದಲ್ಲಿ ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಹಳೇ ಯೆಜ್ಡಿ ಬೈಕಿನ ಪಿಸ್ಟನ್ ಕೇಳಿದರೂ ತಿರುಗಿ ಒಂದೇ ಪ್ರಶ್ನೆ ಬರುತ್ತದೆ: ಕಂಪನಿ ಮಾಲು ಬೇಕಾ, ಲೋಕಲ್ ಬೇಕಾ? ಆದರೆ ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಇವತ್ತು ನಿಮ್ಮ ಕೈಗೆ ಬರುವ ಪಾರ್ಟು ಒಂದೋ ಸುಮಾರು ಮೂವತ್ತು ವರ್ಷ ಕಪಾಟಿನಲ್ಲಿ ಮಲಗಿದ್ದದ್ದು, ಇಲ್ಲವೇ ಬೇರೆ ಯಾರೋ ಮಾಡಿದ್ದು. ಎರಡನ್ನೂ ಅಳತೆ ಮಾಡದೆ ಇಂಜಿನ್ ಒಳಗೆ ಹಾಕಬಾರದು. ಕಳೆದ ಮಳೆಗಾಲದಿಂದ ಈಚೆಗೆ ನನ್ನ ಪರಿಚಯದವರ ಮೂರು ಇಂಜಿನ್ ಜಾಮ್ ಆದವು. ಮೂರರಲ್ಲೂ ಪಿಸ್ಟನ್ ಹೊಸದೇ ಇತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ, ಬಿಚ್ಚಿದ ಹಳೇ ಪಾರ್ಟು ಒಂದನ್ನೂ ಎಸೆಯಬೇಡಿ. ಸವೆದಿರಲಿ, ಮುರಿದಿರಲಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹೆಸರು ಬರೆದಿಡಿ. ಹೊಸದನ್ನು ಹೋಲಿಸಿ ನೋಡಲು ನಿಮ್ಮ ಹತ್ತಿರ ಇರುವುದು ಅದೊಂದೇ.

ಎರಡನೆಯದು, ಏನನ್ನು ಹೊಸದು ಕೊಳ್ಳಬೇಕು, ಏನನ್ನು ಹಳೆಯದೇ ಹುಡುಕಬೇಕು ಅಂತ ವಿಂಗಡಿಸುವುದು. ರಬ್ಬರಿನದೆಲ್ಲ ಹೊಸದೇ ಇರಲಿ. ಹಳೇ ಸ್ಟಾಕಿನ ಆಯಿಲ್ ಸೀಲು, ಆ ಕಾಲದ ಪೊಟ್ಟಣದಲ್ಲೇ ಇದೆ ಅಂತ ಆಸೆಪಟ್ಟು ಜಾಸ್ತಿ ದುಡ್ಡು ಕೊಡುವವರಿದ್ದಾರೆ. ಕೊಡಬೇಡಿ. ರಬ್ಬರ್ ಪೊಟ್ಟಣದೊಳಗೂ ಗಟ್ಟಿಯಾಗುತ್ತದೆ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಸೀಲು ಗಾಳಿಯನ್ನು ಒಳಗೆ ಬಿಟ್ಟರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಪಿಸ್ಟನ್ನೇ ಸುಡುತ್ತದೆ. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥೆನಾಲ್ ಇರುತ್ತದೆ, ಅದು ಹಳೇ ಪೈಪು, ವಾಷರ್‌ಗಳನ್ನು ಹಾಳು ಮಾಡುತ್ತದೆ. ಸ್ವಲ್ಪ ದುಬಾರಿಯಾದರೂ ವಿಟಾನ್ (ಬಿಸಿ, ಪೆಟ್ರೋಲ್ ತಡೆಯುವ ರಬ್ಬರ್) ಸೀಲೇ ಕೇಳಿ. ಕ್ರ್ಯಾಂಕಿನ ಬೇರಿಂಗನ್ನು ಬೀದಿಬದಿಯಲ್ಲಿ ಕೊಳ್ಳಬೇಡಿ, ಬೇರಿಂಗ್ ಕಂಪನಿಯ ಅಧಿಕೃತ ಅಂಗಡಿಯಲ್ಲೇ ತೆಗೆದುಕೊಳ್ಳಿ. ನಕಲಿ ಜಾಸ್ತಿ.

ಕಬ್ಬಿಣದ ಸಾಮಾನಿನ ಮಾತು ಬೇರೆ. ಯೆಜ್ಡಿಯಲ್ಲಿ ಕಿಕ್‌ಗೂ ಗೇರ್‌ಗೂ ಒಂದೇ ಲಿವರ್ ಅಲ್ವಾ, ಲೋಕಲ್ ಲಿವರಿನ ಹಲ್ಲುಗಳು ಮೆತ್ತಗಿರುತ್ತವೆ, ನಾಲ್ಕು ತಿಂಗಳಲ್ಲಿ ಜಾರಲು ಶುರು. ಅದಕ್ಕಿಂತ ಬುಧವಾರವೋ ಭಾನುವಾರವೋ ಪುಣೆಯ ಹಳೇ ಸಾಮಾನಿನ ಸಂತೆ ಜುನಾ ಬಾಜಾರಿಗೆ ಹೋಗಿ, ತುಕ್ಕು ಹಿಡಿದ ಮೈಸೂರಿನ ಲಿವರೇ ಹುಡುಕಿ ತಂದು ಕ್ರೋಮ್ ಮಾಡಿಸಿ. ಹೋಗುವಾಗ ಜೇಬಿನಲ್ಲಿ ಸಣ್ಣ ಅಯಸ್ಕಾಂತ ಇರಲಿ. ಹಿತ್ತಾಳೆ ಅಂತ ಹೇಳಿ ಮಾರುವ ಪೆಟ್ರೋಲ್ ಕಾಕ್‌ಗೆ ಅದು ಅಂಟಿಕೊಂಡರೆ ಅಲ್ಲೇ ಬಿಟ್ಟು ಬನ್ನಿ. ಇನ್ನೊಂದು ಮಾತು: 2018ರಲ್ಲಿ ಮತ್ತೆ ಬಂದ ಜಾವಾ, 2022ರಲ್ಲಿ ಬಂದ ಯೆಜ್ಡಿ ಫೋರ್ ಸ್ಟ್ರೋಕ್ ಗಾಡಿಗಳು. ಆ ಶೋರೂಮಿನಲ್ಲಿ ನಿಮ್ಮ ಇಂಜಿನ್ನಿನ ಪಾರ್ಟು ಸಿಗುವುದಿಲ್ಲ, ಸುಮ್ನೆ ಅಲೆಯಬೇಡಿ.

ಈಗ ಪಿಸ್ಟನ್ನಿಗೆ ಬರೋಣ. ಎಲ್ಲರೂ ಎಡವುವುದು ಇಲ್ಲೇ.

ಜನ ಮಾಡುವುದು ಹೀಗೆ. ಸಿಲಿಂಡರನ್ನು ಲೇತ್ ಅಂಗಡಿಗೆ ಕೊಡುತ್ತಾರೆ, "65.25ಕ್ಕೆ ಬೋರ್ ಮಾಡಿ" (ಸಿಲಿಂಡರಿನ ಒಳಗಿನ ರಂಧ್ರವನ್ನು ಅಷ್ಟು ಮಿ.ಮೀ.ಗೆ ಕೊರೆದು ಹಿಗ್ಗಿಸಿ) ಅನ್ನುತ್ತಾರೆ, ಆಮೇಲೆ ಪೇಟೆಗೆ ಹೋಗಿ 65.25 ಅಂತ ಬರೆದ ಡಬ್ಬಿ ತರುತ್ತಾರೆ. ಈ 250 ಸಿ.ಸಿ. ಇಂಜಿನ್ನಿನ ಮೂಲ ಬೋರ್ 65 ಮಿ.ಮೀ., ಸವೆದಾಗ ಹಾಕುವ ಮೊದಲ ಓವರ್‌ಸೈಜ್ 65.25, ಅಲ್ಲಿಯವರೆಗೆ ಸರಿ. ಆದರೆ ಕೆಲವರು ಡಬ್ಬಿಯ ಮೇಲೆ ಬೋರಿನ ಅಳತೆ ಮುದ್ರಿಸುತ್ತಾರೆ, ಕೆಲವರು ಪಿಸ್ಟನ್ನಿನದೇ ಅಳತೆ, ಇನ್ನು ಕೆಲವರಿಗೆ ಲೆಕ್ಕವೇ ಇಲ್ಲ. ಒಂದೇ ಅಂಗಡಿಯಲ್ಲಿ ಒಂದೇ ಹೆಸರಿನ ಮೂರು 65.25 ಡಬ್ಬಿ ತೆಗೆಸಿ ಮೈಕ್ರೋಮೀಟರ್ (ಸೂಕ್ಷ್ಮ ಅಳತೆಯ ಉಪಕರಣ) ಹಿಡಿದೆ. ಒಂದು 65.18, ಒಂದು 65.21, ಒಂದು 65.24. ಮೂರನೆಯದನ್ನು 65.25ರ ಬೋರಿಗೆ ಹಾಕಿದ್ದರೆ ಉಳಿಯುತ್ತಿದ್ದದ್ದು 0.01 ಮಿ.ಮೀ. ಸಂದು. ಮೊದಲ ಬಿಸಿಗೇ ಕಚ್ಚಿಕೊಳ್ಳುತ್ತಿತ್ತು.

ಭೋಸರಿಯಲ್ಲಿ ನಾನು ಹೋಗುವ ಲೇತ್ ಅಂಗಡಿಯ ಕಾಕಾ ವಿಜಯಪುರ ಕಡೆಯವರು. ಸಿಲಿಂಡರ್ ಒಂದನ್ನೇ ಹಿಡಿದು ಹೋದರೆ ಕೈಯಿಂದಲೂ ಮುಟ್ಟುವುದಿಲ್ಲ. "ಸರ, ಡಬ್ಬಿ ಮ್ಯಾಲಿನ ನಂಬರ್ ಬ್ಯಾಡ್ರಿ. ಪಿಸ್ಟನ್ ಕೈಯಾಗ ಕೊಡ್ರಿ, ಆಮ್ಯಾಲ ಬೋರ್ ಹೊಡೀತೀನಿ." ಪಿಸ್ಟನ್ ಮೊದಲು, ಬೋರ್ ಆಮೇಲೆ. ಹೀಗೆ ಹೇಳದೆ ಸಿಲಿಂಡರ್ ಇಟ್ಟುಕೊಳ್ಳುವ ಅಂಗಡಿಯಿಂದ ಎದ್ದು ಬನ್ನಿ.

ಅಳೆಯುವುದಕ್ಕೂ ಒಂದು ಜಾಗ ಇದೆ. ಪಿಸ್ಟನ್ ಮೇಲಿಂದ ಕೆಳಗೆ ಒಂದೇ ಗಾತ್ರ ಇರುವುದಿಲ್ಲ. ತಲೆ ಕಡೆ ಬಿಸಿ ಜಾಸ್ತಿ, ಹಿಗ್ಗುವುದೂ ಜಾಸ್ತಿ, ಅದಕ್ಕೆ ಅಲ್ಲಿ ಬೇಕೆಂದೇ ಸಣ್ಣಗೆ ಮಾಡಿರುತ್ತಾರೆ. ಸುತ್ತಳತೆಯಲ್ಲೂ ಅದು ಪೂರ್ತಿ ದುಂಡಗಿಲ್ಲ. ಹಾಗಾಗಿ ಕೆಳಗಿನ ಸ್ಕರ್ಟ್ ಭಾಗದಲ್ಲಿ, ಗಜನ್ ಪಿನ್ನಿಗೆ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್) ಅಡ್ಡಲಾಗಿ ಅಳೆಯಬೇಕು. ವರ್ನಿಯರ್ ಸಾಲದು, ಮೈಕ್ರೋಮೀಟರೇ ಬೇಕು. ಬೋರ್ ಮುಗಿದ ಕೂಡಲೇ ಸಿಲಿಂಡರ್ ಬಿಸಿ ಇರುತ್ತದೆ, ಆಗ ಅಳೆದರೆ ಸುಳ್ಳು ಲೆಕ್ಕ. ಎರಡನ್ನೂ ಒಂದೇ ಮೇಜಿನ ಮೇಲೆ ತಣ್ಣಗಾಗಲು ಬಿಡಿ, ಚಹಾ ಕುಡಿದು ಬನ್ನಿ. ಸಂದು ಎಷ್ಟು ಅನ್ನುವುದಕ್ಕೆ ನಿಮ್ಮ ಮಾಡೆಲ್ಲಿನ ಮ್ಯಾನ್ಯುಯಲ್ ನೋಡಿ. ನಾನಂತೂ ಲೋಕಲ್ ಪಿಸ್ಟನ್ನಿಗೆ 0.07ಕ್ಕಿಂತ ಕಡಿಮೆ ಇಡಿಸುವುದಿಲ್ಲ, ಅಗ್ಗದ ಅಲ್ಯೂಮಿನಿಯಂನಲ್ಲಿ ಸಿಲಿಕಾನ್ ಕಡಿಮೆ ಇದ್ದರೆ ಜಾಸ್ತಿ ಹಿಗ್ಗುತ್ತದೆ.

ಬೋರ್‌ಗೆ ಕೊಡುವ ಮುಂಚೆ ಹೊಸ ಪಿಸ್ಟನ್ನನ್ನು ಹಳೆಯದರ ಪಕ್ಕ ಇಟ್ಟು ನೋಡಿ. ಎರಡಕ್ಕೂ ಒಂದೇ ಗಜನ್ ಪಿನ್ ತೂರಿಸಿ, ತಲೆಗಳು ಒಂದೇ ಎತ್ತರಕ್ಕೆ ಬರುತ್ತವಾ? ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆ ಆದರೂ ಪೋರ್ಟ್ (ಸಿಲಿಂಡರ್ ಗೋಡೆಯ ಕಿಂಡಿ) ತೆರೆಯುವ ಹೊತ್ತು ಬದಲಾಗುತ್ತದೆ, ಕಂಪ್ರೆಷನ್ನೂ ಬದಲಾಗುತ್ತದೆ. ಕೆಳಗಿನ ಕತ್ತರಿಸಿದ ಭಾಗದ ಆಕಾರ ಹೋಲಿಸಿ. ಅಡುಗೆಮನೆಯ ತಕ್ಕಡಿಯಲ್ಲಿ ಎರಡನ್ನೂ ತೂಗಿ. ಹೊಸದು ತುಂಬಾ ಭಾರ ಇದ್ದರೆ ಹ್ಯಾಂಡಲ್ ನಡುಗುವುದನ್ನು ಆಮೇಲೆ ಯಾವ ಮಿಸ್ತ್ರಿಯೂ ನಿಲ್ಲಿಸಲಾರ.

ಪಿಸ್ಟನ್ನಿನ ಸುತ್ತ ರಿಂಗ್ ಕೂರುವ ತೋಡಿನಲ್ಲಿ ಒಂದು ಪುಟ್ಟ ಪಿನ್ ಇರುತ್ತದೆ. ರಿಂಗ್ ತಿರುಗಿ ಅದರ ತುದಿ ಪೋರ್ಟಿನ ಕಿಂಡಿಗೆ ಸಿಕ್ಕದ ಹಾಗೆ ತಡೆಯುವುದು ಅದೇ. ಉಗುರಿನಿಂದ ಅಲ್ಲಾಡಿಸಿ, ಕದಲಿದರೆ ಪಿಸ್ಟನ್ ವಾಪಸ್. ಆಮೇಲೆ ರಿಂಗಿಲ್ಲದೆ ಪಿಸ್ಟನ್ನನ್ನು ಸಿಲಿಂಡರಿನೊಳಗೆ ಮೇಲೆ ಕೆಳಗೆ ಸರಿಸಿ, ಕಿಂಡಿಗಳಿಂದ ಟಾರ್ಚ್ ಬಿಟ್ಟು ನೋಡಿ. ಪಿನ್ ಯಾವ ಕಿಂಡಿಯಲ್ಲೂ ಕಾಣಬಾರದು.

ಬೋರ್, ಹೋನಿಂಗ್ (ಕಲ್ಲಿನಿಂದ ಒಳಗೋಡೆ ಉಜ್ಜುವುದು) ಆದ ಮೇಲೆ ರಿಂಗಿನ ತುದಿಗಳ ನಡುವಿನ ಗ್ಯಾಪ್. ರಿಂಗನ್ನು ಸಿಲಿಂಡರಿಗೆ ಹಾಕಿ, ಪಿಸ್ಟನ್ನಿನ ತಲೆಯಿಂದಲೇ ನೇರವಾಗಿ ಒಳಗೆ ತಳ್ಳಿ, ಕಿಂಡಿ ಇಲ್ಲದ ಜಾಗದಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ಹಾಕಿ. 0.2ರಿಂದ 0.3 ಮಿ.ಮೀ. ಇದ್ದರೆ ಒಳ್ಳೆಯದು. ಕಡಿಮೆ ಇದ್ದರೆ ಬಿಸಿಗೆ ತುದಿಗಳು ಒಂದಕ್ಕೊಂದು ಒತ್ತಿ ರಿಂಗ್ ಮುರಿಯುತ್ತದೆ, ಅರದಿಂದ ಸ್ವಲ್ಪ ಸ್ವಲ್ಪ ಉಜ್ಜಬಹುದು. ತುಂಬಾ ಜಾಸ್ತಿ ಇದ್ದರೆ ಬೇರೆ ರಿಂಗ್ ತನ್ನಿ. ಪೋರ್ಟಿನ ಅಂಚುಗಳನ್ನು ಮೊಂಡು ಮಾಡಿಸಿದ್ದಾರಾ ಅಂತ ಬೆರಳಾಡಿಸಿ ನೋಡಿ. ಬೋರ್ ಆದ ಮೇಲೆ ಅವು ಬ್ಲೇಡಿನಂತಿರುತ್ತವೆ. ಇದನ್ನು ಬಿಟ್ಟುಬಿಡುವ ಅಂಗಡಿಗಳೇ ಹೆಚ್ಚು.

ಸಿಲಿಂಡರ್ ತೊಳೆಯುವುದು ಪೆಟ್ರೋಲಿನಲ್ಲಿ ಅಲ್ಲ. ಹೋನಿಂಗ್ ಕಲ್ಲಿನ ಪುಡಿ ಅದರಲ್ಲಿ ಹೋಗುವುದಿಲ್ಲ. ಬಿಸಿನೀರು, ಪಾತ್ರೆ ಸೋಪು, ಬ್ರಷ್. ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಬೆಳ್ಳಗೇ ಉಳಿಯುವವರೆಗೆ ತಿಕ್ಕಿ. ಒರೆಸಿದ ತಕ್ಷಣ ಆಯಿಲ್ ಸವರಿ, ನಮ್ಮ ಜುಲೈ ಗಾಳಿಗೆ ಬೀಡು ಕಬ್ಬಿಣ ಕಣ್ಣೆದುರೇ ಕೆಂಪಾಗುತ್ತದೆ.

ಜೋಡಿಸುವುದು ಸುಲಭ. ಬಾಣದ ಗುರುತು ಎಕ್ಸಾಸ್ಟ್ ಕಡೆ, ಸರ್ಕ್ಲಿಪ್ (ಗಜನ್ ಪಿನ್ ಜಾರದಂತೆ ಹಿಡಿಯುವ ಕ್ಲಿಪ್) ಹೊಸದು, ಗ್ಯಾಸ್ಕೆಟ್ ಹೊಸದು. ಕಿಟ್ ಜೊತೆ ಬರುವ ಸರ್ಕ್ಲಿಪ್ ಸಡಿಲ ಅನ್ನಿಸಿದರೆ ಬೇರೆ ಕೊಳ್ಳಿ.

ಮೊದಲ 500 ಕಿ.ಮೀ. ಅರ್ಧ ಥ್ರಾಟಲ್ ದಾಟಬೇಡಿ. ಖಂಡಾಲಾ ಘಾಟಿಗಂತೂ ಒಯ್ಯಲೇಬೇಡಿ. ನೂರು ಕಿ.ಮೀ. ಆದಾಗ ಪ್ಲಗ್ ಬಿಚ್ಚಿ ನೋಡಿ. ಕಂದು ಬಣ್ಣ ಇದ್ದರೆ ಮುಂದೆ ಹೋಗಿ, ಬೆಳ್ಳಗಿದ್ದರೆ ಗಾಡಿ ನಿಲ್ಲಿಸಿ ಮೊದಲು ಕ್ರ್ಯಾಂಕಿನ ಸೀಲು ನೋಡಿ, ಆಮೇಲೆ ಕಾರ್ಬುರೇಟರ್.