ಹಕ್ಕಿಯ ಕಾಲು ಮುರಿದ ಮೇಲೆ: ತಂತಿ ಜೊತೆ ನನ್ನ ಅನುಭವ

ನಾನು ಮೊದಲು ಮಾಡಿದ ತಂತಿ ಹಕ್ಕಿಗೆ ಒಂದೇ ಕಾಲು. ನೋಡಿದವರೆಲ್ಲ ಕೊಕ್ಕರೆ ಒಂಟಿಕಾಲಲ್ಲಿ ನಿಂತಿದೆ ಅಂದುಕೊಂಡರು. ನಾನೂ ಸುಮ್ನೆ ತಲೆಯಾಡಿಸಿದೆ. ಇನ್ನೊಂದು ಕಾಲು ಇಕ್ಕಳದಲ್ಲೇ ಮುರಿದು ಬಂದಿತ್ತು. ಬೆರಳುಗಳು ಸರಿ ಬರಲಿಲ್ಲ ಅಂತ ಬಿಡಿಸಿದೆ, ಮತ್ತೆ ಬಾಗಿಸಿದೆ, ಮತ್ತೆ ಬಿಡಿಸಿದೆ. ಐದನೇ ಸಲಕ್ಕೋ ಆರನೇ ಸಲಕ್ಕೋ ಟಕ್ ಅಂತು.

ಅದು ತಾಮ್ರ. ಹಳೇ ಕರೆಂಟ್ ಕೇಬಲ್ಲಿನಿಂದ ಬಿಡಿಸಿಕೊಂಡಿದ್ದ ಒಂಟಿ ಎಳೆಯ ತಂತಿ. ತಾಮ್ರ ಮೆತ್ತಗಿನ ಲೋಹ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಹಾಗಿದ್ದರೆ ಮುರಿದದ್ದು ಯಾಕೆ? ಈ ಪ್ರಶ್ನೆಗೆ ಉತ್ತರ ಸಿಗುವ ತನಕ ನಾನು ಲೋಹ ಬದಲಾಯಿಸುತ್ತಾ ಹೋದೆ. ಹಿತ್ತಾಳೆ ತಂದೆ, ಅಲ್ಯೂಮಿನಿಯಂ ತಂದೆ, ಉಕ್ಕು ತಂದೆ. ತಪ್ಪು ಲೋಹದ್ದಾಗಿರಲಿಲ್ಲ.

ತಂತಿಯೊಳಗೆ ಲೋಹ ಸಣ್ಣ ಸಣ್ಣ ಹರಳುಗಳಾಗಿ ಇರುತ್ತದೆ. ಬಾಗಿಸಿದಾಗ ಹರಳಿನೊಳಗಿನ ಪರಮಾಣುಗಳ ಪದರಗಳು ಜಾರಿಕೊಳ್ಳುತ್ತವೆ. ಜಾರಿದಷ್ಟೂ ಒಳಗೆ ಸಿಕ್ಕು ಜಾಸ್ತಿಯಾಗುತ್ತದೆ. ಸಿಕ್ಕುಗಟ್ಟಿದ ಕೂದಲಲ್ಲಿ ಬಾಚಣಿಗೆ ನಿಂತುಬಿಡುತ್ತದಲ್ಲ, ಹಾಗೆ ಮುಂದಿನ ಜಾರುವಿಕೆಯೂ ನಿಲ್ಲುತ್ತದೆ. ತಂತಿ ಗಟ್ಟಿಯಾಗುತ್ತದೆ. ಇನ್ನೂ ಬಲವಂತ ಮಾಡಿದರೆ ಜಾರಲು ಜಾಗವಿಲ್ಲದೆ ಬಿರುಕು ಬಿಡುತ್ತದೆ. ಅಂದರೆ ಪ್ರತಿ ಬಾಗೂ ತಂತಿಯ ಖಾತೆಯಲ್ಲಿ ಬರೆದಿಡುವ ಖರ್ಚು. ನಾನು ಬಿಡಿಸಿದರೆ ಖರ್ಚು ವಾಪಸ್ ಬರುತ್ತದೆ ಅಂದುಕೊಂಡಿದ್ದೆ. ಬಿಡಿಸುವುದೂ ಇನ್ನೊಂದು ಖರ್ಚೇ.

ಖಾತೆಯನ್ನು ಮತ್ತೆ ಸೊನ್ನೆಗೆ ತರುವ ದಾರಿ ಬೆಂಕಿ. ಕಾಯಿಸಿ ಮೆತ್ತಗೆ ಮಾಡುವ ಈ ಕೆಲಸಕ್ಕೆ ಅನೀಲಿಂಗ್ ಅನ್ನುತ್ತಾರೆ. ನಾನು ಮಾಡುವುದು ಹೀಗೆ. ತಂತಿಯನ್ನು ಬಿಗಿಯಾದ ಸುರುಳಿ ಮಾಡಿ, ಅದೇ ತಂತಿಯ ಕೊನೆಯಿಂದ ಎರಡು ಕಡೆ ಕಟ್ಟುತ್ತೇನೆ. ಒಂದು ಎಳೆ ಹೊರಗೆ ಚಾಚಿಕೊಂಡಿದ್ದರೂ ಅದೇ ಮೊದಲು ಕರಗುವುದು. ಸುರುಳಿಯನ್ನು ಬೆಂಕಿ ತಾಳುವ ಇಟ್ಟಿಗೆ ಮೇಲಿಟ್ಟು, ದೀಪ ಆರಿಸಿ, ಗ್ಯಾಸ್ ಟಾರ್ಚ್ ಹಿಡಿಯುತ್ತೇನೆ. ಮಬ್ಬು ಬೆಳಕು ಮುಖ್ಯ. ಬಿಸಿಲಲ್ಲಿ ಕೂತರೆ ಮಂದ ಕೆಂಪು ಕಾಣುವುದೇ ಇಲ್ಲ, ಕೆಂಪು ಕಂಡಿತು ಅನ್ನುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಇರಬೇಕು. ಸುರುಳಿಯಿಡೀ ಮಂದ ಕೆಂಪಾದರೆ ಸಾಕು. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ಗೆ, ಅಲ್ಲಿಯವರೆಗೆ ಹೋಗುವ ಅಗತ್ಯವೇ ಇಲ್ಲ.

ಆಮೇಲೆ ನೀರಿಗೆ ಅದ್ದಿ ಅಥವಾ ಹಾಗೇ ಆರಲು ಬಿಡಿ. ತಾಮ್ರಕ್ಕೆ ಎರಡೂ ಒಂದೇ. ಅದ್ದಿದರೆ ಬೇಗ ಕೈಗೆ ಸಿಗುತ್ತದೆ, ಕಪ್ಪು ಹೊಪ್ಪಳೆಯೂ ಸ್ವಲ್ಪ ಉದುರುತ್ತದೆ, ಅಷ್ಟೇ. ಉಳಿದ ಕಪ್ಪಿಗೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಕರಗಿಸಿದ ಬಿಸಿನೀರು. ಆ ನೀರಿಗೆ ಕಬ್ಬಿಣದ ಇಕ್ಕಳ ಇಳಿಸಬೇಡಿ. ಕಬ್ಬಿಣ ತಾಗಿದರೆ ನೀರಲ್ಲಿ ಕರಗಿರುವ ತಾಮ್ರ ಅದೇ ಪಾತ್ರೆಯಲ್ಲಿರುವ ಬೆಳ್ಳಿಯ ಮೇಲೆ ಹೋಗಿ ಕೂರುತ್ತದೆ. ನನ್ನ ಒಂದು ಜೊತೆ ಬೆಳ್ಳಿ ಓಲೆ ಹೀಗೇ ಗುಲಾಬಿ ಬಣ್ಣಕ್ಕೆ ತಿರುಗಿತು. ಈಗ ಪ್ಲಾಸ್ಟಿಕ್ ಚಿಮಟ ಇಟ್ಟುಕೊಂಡಿದ್ದೇನೆ.

ಕಾದಾಗಲೇ ಬಡಿಯಬೇಕು ಅನ್ನುವ ಗಾದೆ ಕಬ್ಬಿಣದ್ದು. ತಾಮ್ರದ ತಂತಿಯನ್ನು ಬಾಗಿಸುವುದು ಪೂರ್ತಿ ತಣ್ಣಗಾದ ಮೇಲೆಯೇ. ಮೊದಲ ಸಲ ಹೀಗೆ ಕಾಯಿಸಿದ ತಂತಿ ಕೈಗೆ ಬಂದಾಗ ದಾರ ಹಿಡಿದ ಹಾಗಿತ್ತು. ಹೊಸ ಹಕ್ಕಿಗೆ ಎರಡು ಕಾಲು, ಎಂಟು ಬೆರಳು, ಒಂದೂ ಮುರಿಯಲಿಲ್ಲ.

ಅಲ್ಲಿಂದ ಉಲ್ಟಾ ತೊಂದರೆ ಶುರುವಾಯಿತು. ಮೆತ್ತಗಿನ ತಂತಿ ಸಿಕ್ಕಿತಲ್ಲ ಅಂತ ಅದರಲ್ಲೇ ಓಲೆಯ ಕೊಕ್ಕೆಗಳನ್ನೂ ಮಾಡಿದೆ. ಒಂದು ವಾರದಲ್ಲಿ ನೆಟ್ಟಗಾಗಿ, ಓಲೆ ಕಿವಿಯಿಂದ ಜಾರಿಬಿತ್ತು. ಹಕ್ಕಿಯ ಕಾಲಿಗೆ ಬೇಕಿದ್ದ ಗುಣವೇ ಇಲ್ಲಿ ದೋಷ. ಕೊಕ್ಕೆ ಬಾಗಿ ವಾಪಸ್ ಬರಬೇಕು, ಬಾಗಿದಲ್ಲೇ ಉಳಿಯಬಾರದು.

ಅಂದಿನಿಂದ ತಂತಿ ಆರಿಸುವಾಗ ಲೋಹದ ಹೆಸರು ನನಗೆ ಮೂರನೇ ಮಾತು. ಮೊದಲು ಕೇಳಿಕೊಳ್ಳುವುದು, ನನ್ನ ಕೈಯಲ್ಲಿ ಇದು ಎಷ್ಟು ಸಲ ಬಾಗುತ್ತದೆ? ಆಮೇಲೆ, ಕೆಲಸ ಮುಗಿದ ಮೇಲೆ ಇದು ಸುಮ್ಮನೆ ಕೂರಬೇಕಾ, ಸ್ಪ್ರಿಂಗ್ ಥರ ಪುಟಿಯಬೇಕಾ? ತಂತಿ ಮಾರುವವರೂ ಇದನ್ನೇ ಡೆಡ್ ಸಾಫ್ಟ್, ಹಾಫ್ ಹಾರ್ಡ್, ಫುಲ್ ಹಾರ್ಡ್ ಅಂತ ಬರೆದಿರುತ್ತಾರೆ. ಹೆಣೆಯಲು, ಸುತ್ತಲು, ಕಲ್ಲಿಗೆ ಚೌಕಟ್ಟು ಕಟ್ಟಲು ಮೆತ್ತಗಿನದು. ಕೊಕ್ಕೆಗೆ, ಕೊಂಡಿಗೆ ಅರೆಗಟ್ಟಿ. ಪೂರ್ತಿ ಗಟ್ಟಿಯದನ್ನು ನಾನು ಕೊಳ್ಳುವುದೇ ಇಲ್ಲ, ಬೇಕಾದಾಗ ನಾನೇ ಗಟ್ಟಿ ಮಾಡಿಕೊಳ್ಳುತ್ತೇನೆ. ಮುಗಿದ ಕೊಕ್ಕೆಯನ್ನು ಉಕ್ಕಿನ ಹಲಗೆ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಹಗುರಾಗಿ ನಾಲ್ಕು ಏಟು ಹಾಕಿದರೆ ಬಾಗಿನ ಜಾಗ ಚೂರು ಚಪ್ಪಟೆಯಾಗಿ ಬಿಗಿಯುತ್ತದೆ. ಆಕಾರ ಕೆಡಬಾರದು ಅಂದರೆ ಮಾಡುವ ಮೊದಲೇ ತಿರುಚಬೇಕು. ಒಂದು ಕೊನೆ ವೈಸಿನಲ್ಲಿ, ಇನ್ನೊಂದು ಡ್ರಿಲ್‌ನಲ್ಲಿ, ನಿಧಾನವಾಗಿ ಕೆಲವು ಸುತ್ತು. ದುಂಡು ತಂತಿ ದುಂಡಾಗೇ ಇರುತ್ತದೆ, ಆದರೆ ಗಟ್ಟಿಯಾಗಿರುತ್ತದೆ. ಜೊತೆಗೆ ನೆಟ್ಟಗೂ ಆಗುತ್ತದೆ.

ಕೇಬಲ್ ತಂತಿಯ ಬಗ್ಗೆ ಎರಡು ಮಾತು. ಮೇಲಿನ ಪ್ಲಾಸ್ಟಿಕ್ ಸುಡಬೇಡಿ, ಚಾಕುವಿನಿಂದ ಸೀಳಿ ತೆಗೆಯಿರಿ. ಪಿ.ವಿ.ಸಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಗಂಟಲು ಹಿಡಿದುಬಿಡುತ್ತದೆ. ಇನ್ನೊಂದು, ಕೆಂಪಗಿರುವುದೆಲ್ಲ ತಾಮ್ರವಲ್ಲ. ಅಲ್ಯೂಮಿನಿಯಂ ಮೇಲೆ ತಾಮ್ರದ ತೆಳು ಹೊದಿಕೆ ಇರುವ ತಂತಿಯೂ ಇದೆ. ತುದಿಗೆ ಅರ ಆಡಿಸಿದರೆ ಒಳಗಿನ ಬಿಳುಪು ಕಾಣುತ್ತದೆ. ಮೋಟಾರಿನ ವೈಂಡಿಂಗ್ ತಂತಿ ಸಾಮಾನ್ಯವಾಗಿ ನಿಜವಾದ ತಾಮ್ರವೇ, ಆದರೆ ಮೇಲೆ ವಾರ್ನಿಷ್ ಇರುತ್ತದೆ. ಬಣ್ಣ ಮಾಸಬಾರದು ಅನ್ನುವ ಕೆಲಸಕ್ಕೆ ಅದು ಒಳ್ಳೆಯದು. ಬೆಸುಗೆ ಹಾಕಬೇಕಾದರೆ ಮಾತ್ರ ಕೆರೆದು ತೆಗೆಯಬೇಕು.

ಇನ್ನು ದಪ್ಪದ ಗೋಜಲು. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ಸಣ್ಣ. ತಂತಿಯನ್ನು ತೂತಿನಿಂದ ತೂತಿಗೆ ಎಳೆದು ತೆಳುವಾಗಿಸುವ ಕಾಲದ ಲೆಕ್ಕ ಇದು, ಹೆಚ್ಚು ಸಲ ಎಳೆದರೆ ಹೆಚ್ಚು ಸಂಖ್ಯೆ. ಇದಕ್ಕೆ ಹೊಂದಿಕೊಳ್ಳಬಹುದು. ಆದರೆ ಗೇಜ್‌ಗಳೇ ಎರಡು. ಅಮೆರಿಕದ ಎ.ಡಬ್ಲ್ಯೂ.ಜಿ.ಯಲ್ಲಿ 20 ಅಂದರೆ 0.81 ಮಿ.ಮೀ., ಬ್ರಿಟನ್ನಿನ ಎಸ್.ಡಬ್ಲ್ಯೂ.ಜಿ.ಯಲ್ಲಿ 20 ಅಂದರೆ 0.91 ಮಿ.ಮೀ. ಒಂದು ಸಲ ನಾನು ಬರೀ 20 ಗೇಜ್ ಅಂತ ಹೇಳಿ ತರಿಸಿದೆ. ಮಣಿಗಳ ತೂತು 0.85. ಒಂದೂ ತೂರಲಿಲ್ಲ. ಅವತ್ತಿನಿಂದ ಮಿಲಿಮೀಟರ್ ಬಿಟ್ಟು ಬೇರೆ ಭಾಷೆ ಮಾತಾಡಿಲ್ಲ. ಮೈಕ್ರೋಮೀಟರ್ ಕೈಲಿಲ್ಲದಿದ್ದರೆ ಪೆನ್ಸಿಲ್‌ಗೆ ಒತ್ತೊತ್ತಾಗಿ 20 ಸುತ್ತು ಸುತ್ತಿ, ಆ ಸಾಲಿನ ಅಗಲ ಅಳೆದು 20ರಿಂದ ಭಾಗಿಸುತ್ತೇನೆ. ಕಿವಿ ಕೊಕ್ಕೆಗೆ 0.8, ಸರದ ಉಂಗುರಗಳಿಗೆ 1, ಹಕ್ಕಿಯ ಮೈಗೆ 1.5 ಇಲ್ಲವೇ 2, ಮೇಲೆ ಸುತ್ತುವುದಕ್ಕೆ 0.4 ಅಥವಾ 0.3. ನನ್ನ ಡಬ್ಬಗಳಲ್ಲಿ ಇಷ್ಟೇ ಇರುವುದು.

ಉಂಗುರ ಅಂದಾಗ ನೆನಪಾಯಿತು. 5 ಮಿ.ಮೀ. ಸರಳಿಗೆ 1 ಮಿ.ಮೀ. ತಂತಿ ಸುತ್ತಿ 100 ಉಂಗುರ ಮಾಡಲು ಎಷ್ಟು ತಂತಿ ಬೇಕು? ನಾನು 5ನ್ನು 3.14ರಿಂದ ಗುಣಿಸಿ 157 ಸೆಂ.ಮೀ. ಕತ್ತರಿಸಿದೆ. 83 ಉಂಗುರಕ್ಕೇ ಮುಗಿದುಹೋಯಿತು. ಗುಣಿಸಬೇಕಾದ್ದು ಸರಳಿನ ಅಡ್ಡಳತೆಯ ಜೊತೆ ತಂತಿಯ ದಪ್ಪವನ್ನೂ ಕೂಡಿಸಿ, ಅಂದರೆ 6ನ್ನು. ಒಂದೊಂದಕ್ಕೆ 18.8 ಮಿ.ಮೀ. ಗಟ್ಟಿ ತಂತಿಯಾದರೆ ಸುರುಳಿ ಸರಳಿನಿಂದ ಬಿಟ್ಟ ಕೂಡಲೇ ಚೂರು ಅಗಲವಾಗುತ್ತದೆ, ಅದನ್ನೂ ಲೆಕ್ಕದಲ್ಲಿಡಬೇಕು. ಉಂಗುರದ ಬಾಯನ್ನು ಯಾವತ್ತೂ ಅಕ್ಕಪಕ್ಕಕ್ಕೆ ಎಳೆದು ಅಗಲಿಸಬಾರದು, ಒಂದು ತುದಿ ಹಿಂದೆ, ಒಂದು ತುದಿ ಮುಂದೆ ತಿರುಗಿಸಿ ತೆರೆಯಬೇಕು. ಮುಚ್ಚುವಾಗ ಸ್ವಲ್ಪ ಆಚೆ ದಾಟಿಸಿ ವಾಪಸ್ ತಂದರೆ ಕಟ್ ಅಂತ ಕೂರುತ್ತದೆ.

ಹಿತ್ತಾಳೆ ನನಗೆ ಇಷ್ಟ. ತಾಮ್ರಕ್ಕಿಂತ ಪುಟಿತ ಜಾಸ್ತಿ, ಬಣ್ಣ ಚೆಂದ. ಆದರೆ ಸಿಟ್ಟು ಬೇಗ. ಕಾಯಿಸಿ ಕೆಂಪಗಿರುವಾಗಲೇ ನೀರಿಗೆ ಹಾಕಿದರೆ ಬಿರುಕು ಬಿಡಬಹುದು. ಕೆಂಪು ಹೋಗಿ ಕಪ್ಪಾಗುವ ತನಕ ಕಾದು ಆಮೇಲೆ ಅದ್ದುತ್ತೇನೆ. ಅತಿಯಾಗಿ ಕಾಯಿಸಿದರೆ ಅದರಲ್ಲಿರುವ ಸತು ಹೊಗೆಯಾಗಿ ಹೊರಡುತ್ತದೆ. ಒಮ್ಮೆ ನೀಲಿ ಕಿಲುಬು ಬರಲಿ ಅಂತ ಹಿತ್ತಾಳೆ ನವಿಲನ್ನು ಅಮೋನಿಯಾ ಇಟ್ಟ ಡಬ್ಬದಲ್ಲಿ ಎರಡು ದಿನ ಮುಚ್ಚಿಟ್ಟೆ. ಬಣ್ಣ ಬಂತು. ಕತ್ತು ಬಾಗಿದ ಕಡೆ ಕೂದಲೆಳೆಯಂಥ ಬಿರುಕೂ ಬಂತು. ಒಳಗೆ ಬಿಗಿ ಉಳಿದಿರುವ ಹಿತ್ತಾಳೆಗೆ ಅಮೋನಿಯಾ ಆಗಿಬರುವುದಿಲ್ಲ. ಹಿಂದೆ ಬ್ರಿಟಿಷ್ ಸೇನೆಯವರು ಕುದುರೆ ಲಾಯದ ಹತ್ತಿರ ಇಟ್ಟಿದ್ದ ತೋಟಾಗಳ ಹಿತ್ತಾಳೆ ಕವಚಗಳು ಮಳೆಗಾಲದಲ್ಲಿ ತಾವಾಗಿಯೇ ಸೀಳುತ್ತಿದ್ದವಂತೆ, ಕಾರಣ ಇದೇ. ಈಗ ಬಣ್ಣ ಹಾಕುವ ಮೊದಲು ಹಿತ್ತಾಳೆಯನ್ನು ಕೊನೆಗೊಮ್ಮೆ ಹಗುರಾಗಿ ಕಾಯಿಸುತ್ತೇನೆ.

ಅಲ್ಯೂಮಿನಿಯಂ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಗುರ, ಮೆತ್ತಗೆ, ಮಕ್ಕಳ ಕೈಗೂ ಬಾಗುತ್ತದೆ. ಮಣ್ಣಿನ ಬೊಂಬೆಗಳ ಒಳಗಿನ ಅಸ್ಥಿಪಂಜರಕ್ಕೆ ಇದೇ ಸರಿ. ಕೆಂಪಾಗುವ ಮೊದಲೇ, 660 ಡಿಗ್ರಿಗೆ ಕರಗಿ ಬಿದ್ದುಹೋಗುತ್ತದೆ, ಹಾಗಾಗಿ ಕಣ್ಣಳತೆಯಲ್ಲಿ ಕಾಯಿಸಲು ಆಗುವುದಿಲ್ಲ. ಸೋಪು ಸವರಿ, ಅದು ಕಪ್ಪಾದಾಗ ಬೆಂಕಿ ತೆಗೆಯುವ ಉಪಾಯ ಇದೆ. ನಾನು ಹೊಸ ತಂತಿಯನ್ನೇ ತೆಗೆದುಕೊಳ್ಳುತ್ತೇನೆ.

ಬೋನ್ಸಾಯ್ ಬೆಳೆಸುವ ಗೆಳತಿಗೆ ತಂತಿ ಕಾಯಿಸಿ ಕೊಡುವಾಗ ಒಂದು ಚೆಂದದ ಸಂಗತಿ ಕಂಡೆ. ಕೊಂಬೆಗೆ ಸುತ್ತುವಾಗ ತಾಮ್ರ ಮೆತ್ತಗಿರುತ್ತದೆ, ಸುತ್ತಿದ್ದರಿಂದಲೇ ಗಟ್ಟಿಯಾಗಿ ಕೊಂಬೆಯನ್ನು ಹಿಡಿದು ನಿಲ್ಲುತ್ತದೆ. ನನ್ನ ಹಕ್ಕಿಯ ಕಾಲು ಮುರಿದ ಗುಣವೇ ಅಲ್ಲಿ ಕೆಲಸಕ್ಕೆ ಬರುತ್ತದೆ. ತೆಗೆಯುವಾಗ ಅವಳು ಬಿಚ್ಚುವುದಿಲ್ಲ, ತುಂಡು ತುಂಡಾಗಿ ಕತ್ತರಿಸುತ್ತಾಳೆ. ಬಿಚ್ಚಲು ಹೋದರೆ ಮುರಿಯುವುದು ಕೊಂಬೆ.

ಉಕ್ಕಿನ ಹತ್ತಿರ ನಾನು ಎರಡು ಸಲ ಪೆಟ್ಟು ತಿಂದಿದ್ದೇನೆ. ಒಂದು, ತಾಮ್ರಕ್ಕೆ ಇಟ್ಟುಕೊಂಡಿದ್ದ ನಯವಾದ ಕಟ್ಟರ್‌ನಲ್ಲಿ ಪಿಯಾನೋ ತಂತಿ ಕತ್ತರಿಸಿದೆ. ತಂತಿ ತುಂಡಾಯಿತು, ಕಟ್ಟರಿನ ಬಾಯಲ್ಲಿ ಅರ್ಧಚಂದ್ರದ ಕಚ್ಚು ಉಳಿಯಿತು. ಎರಡನೆಯದು ಇನ್ನೂ ಪೆದ್ದುತನ. ಅದೇ ತಂತಿಯನ್ನು ಮೆತ್ತಗೆ ಮಾಡೋಣ ಅಂತ ತಾಮ್ರದ ಹಾಗೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದೆ. ಕೈಲಿ ಹಿಡಿದು ಬಾಗಿಸಿದರೆ ಗಾಜಿನ ಕಡ್ಡಿಯಂತೆ ಪಟ್ಟನೆ ಮುರಿಯಿತು. ಇಂಗಾಲ ಜಾಸ್ತಿ ಇರುವ ಉಕ್ಕು ಹಠಾತ್ತಾಗಿ ತಣಿದರೆ ಗಡುಸಾಗುತ್ತದೆ. ಅದನ್ನು ಮೆತ್ತಗೆ ಮಾಡಬೇಕಾದರೆ ಬೂದಿಯೊಳಗೆ ಹೂತಿಟ್ಟು ನಿಧಾನವಾಗಿ ಆರಲು ಬಿಡಬೇಕು. ಕಂಬಿ ಕಟ್ಟುವ ಕಪ್ಪು ಬೈಂಡಿಂಗ್ ವೈರ್ ಇಂಥ ತರಲೆ ಮಾಡುವುದಿಲ್ಲ, ಇಂಗಾಲ ಕಡಿಮೆ, ಮೊದಲೇ ಕಾಯಿಸಿ ಮೆತ್ತಗೆ ಮಾಡಿರುತ್ತಾರೆ. ದೊಡ್ಡ ಗೊಂಬೆಗಳ ಕರಡು ನಾನು ಅದರಲ್ಲೇ ಕಟ್ಟುವುದು. ತುಕ್ಕು ಹಿಡಿಯುತ್ತದೆ, ಹಿಡಿಯಲಿ. ಜಿ.ಐ. ತಂತಿ, ಅಂದರೆ ಸತುವಿನ ಲೇಪ ಇರುವ ಉಕ್ಕಿನ ತಂತಿ, ಬೇಗ ತುಕ್ಕು ಹಿಡಿಯದೆ ಬಯಲಲ್ಲಿ ನಿಲ್ಲುತ್ತದೆ, ಆದರೆ ಅದಕ್ಕೆ ಬೆಂಕಿ ತೋರಿಸಬೇಡಿ. ಮೇಲಿನ ಸತುವಿನ ಹೊಗೆ ಕುಡಿದರೆ ಚಳಿಜ್ವರ ಬಂದ ಹಾಗೆ ನಡುಗಬೇಕಾಗುತ್ತದೆ.

ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಇಲ್ಲ. ತಾಮ್ರ, ನಿಕಲ್, ಸತು. ನೋಡಲು ಚೆನ್ನ, ಆದರೆ ನಿಕಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಹಾಗಾಗಿ ಕಿವಿಗೆ ಹೋಗುವ ಭಾಗಕ್ಕೆ ನಾನು ಬಳಸುವುದಿಲ್ಲ. ಅದಕ್ಕೆ 92.5 ಬೆಳ್ಳಿಯೇ ವಾಸಿ. ಅಪ್ಪಟ ಬೆಳ್ಳಿ ತಂತಿಯ ತುದಿಯನ್ನು ಜ್ವಾಲೆಗೆ ಹಿಡಿದರೆ ತಾನೇ ಉರುಟಾಗಿ ಮುತ್ತಿನಂಥ ಗುಂಡು ಕೂರುತ್ತದೆ, ಕಪ್ಪೂ ಆಗುವುದಿಲ್ಲ. ಇವತ್ತಿಗೂ ಬೇಸರ ಕಳೆಯಲು ನಾನು ಹತ್ತಿಪ್ಪತ್ತು ಗುಂಡು ಮಾಡಿ ಇಡುವುದುಂಟು.

ಎಲ್ಲ ತಂತಿಗೂ ಸೇರಿದ ಒಂದು ಮಾತು ಕಣ್ಣಿನದು. ಕತ್ತರಿಸುವಾಗ ಸಣ್ಣ ತುದಿ ಎಲ್ಲಿಗೆ ಹಾರುತ್ತದೋ ಗೊತ್ತಾಗುವುದಿಲ್ಲ. ಕನ್ನಡಕ ಹಾಕಿಕೊಳ್ಳಿ, ತುದಿಯನ್ನು ಬೆರಳಿಂದ ಮುಚ್ಚಿ, ಕೆಳಮುಖವಾಗಿ ಕತ್ತರಿಸಿ.

ಹೀಗೆ ಉಳಿದ ಚೂರುಗಳೆಲ್ಲ ಒಂದೇ ಡಬ್ಬಕ್ಕೆ ಬೀಳುತ್ತವೆ. ತಿಂಗಳಿಗೊಮ್ಮೆ ಅಯಸ್ಕಾಂತ ಆಡಿಸಿ ಉಕ್ಕನ್ನು ಬೇರೆ ಮಾಡುತ್ತೇನೆ. 304 ಅನ್ನುವ ಬಗೆಯ ಸ್ಟೇನ್‌ಲೆಸ್ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ ಅಂತ ಓದಿದ್ದೆ, ಆದರೆ ನನ್ನ ಚೂರುಗಳು ಮೆಲ್ಲಗೆ ಅಂಟುತ್ತಿದ್ದವು. ಮೋಸ ಹೋದೆ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ತಣ್ಣಗಿರುವಾಗ ಎಳೆದು ಬಾಗಿಸಿದಾಗ ಅದರ ಒಳರಚನೆ ಸ್ವಲ್ಪ ಬದಲಾಗಿ ಅಯಸ್ಕಾಂತ ಹಿಡಿಯಲು ಶುರುವಾಗುತ್ತದೆ. ಈಗ ಆ ಡಬ್ಬದ ಚೂರಿನಲ್ಲಿ ಕೊಕ್ಕೆ ಮಾಡಬೇಕಾದರೆ ಮೊದಲು ಅಯಸ್ಕಾಂತ ತಾಗಿಸುತ್ತೇನೆ. ಜೋರಾಗಿ ಅಂಟಿದ 304ರ ಚೂರು ಆಗಲೇ ಸಾಕಷ್ಟು ದುಡಿದಿರುತ್ತದೆ, ಅದನ್ನು ಒಂದೇ ಸಲ ಬಾಗಿಸಿ ಬಿಟ್ಟುಬಿಡುತ್ತೇನೆ.