ಸಯಾಮೀಸ್ ಬೆಕ್ಕು ತರ್ತೀರಾ? ಮನೇಲಿ ಮಾತಾಡೋರು ಇದ್ದಾರಾ?

ನಾನು ಬೆಳೆದದ್ದು ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ. ಅಲ್ಲಿ ಬೆಕ್ಕು ಅಂದರೆ ಅಟ್ಟದ ಇಲಿ ಹಿಡಿಯುವ ಆಳು. ಮಧ್ಯಾಹ್ನ ಒಂದು ಹಿಡಿ ಮೊಸರನ್ನ ಹಾಕಿದರೆ ಮುಗಿಯಿತು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತಿತ್ತು. ಹಾಗಾಗಿ 6 ವರ್ಷದ ಹಿಂದೆ ಬೆಂಗಳೂರಿನ ಮನೆಗೆ ಮಗಳು ಒಂದು ಸಯಾಮೀಸ್ ಮರಿ ತಂದು ಸೋಫಾ ಮೇಲೆ ಬಿಟ್ಟಾಗ, "ಇದನ್ನೇನು ಸಾಕೋದು, ಬೆಕ್ಕು ತಾನೇ?" ಅಂದುಬಿಟ್ಟೆ. ಆ ಮಾತನ್ನು ವಾರದೊಳಗೆ ವಾಪಸ್ ತಗೊಂಡೆ.

ಮೈಯೆಲ್ಲ ಕೆನೆ ಬಣ್ಣ. ಮೂತಿ, ಕಿವಿ, ಪಾದ, ಬಾಲ ಮಾತ್ರ ಕಪ್ಪುಗಂದು. ಒಲೆಯೊಳಗೆ ಮುಖ ತೂರಿಸಿ ಬಂದ ಹಾಗೆ ಕಾಣುತ್ತಿದ್ದಳು. ಅದಕ್ಕೇ ಮಸಿ ಅಂತ ಕರೆದೆ, ಅದೇ ನಿಂತಿತು. ಈ ತಳಿ ಥಾಯ್ಲೆಂಡಿನದು. ಆ ದೇಶದ ಹಳೆ ಹೆಸರು ಸಯಾಂ. ಇವುಗಳ ಬಣ್ಣದ ಗುಟ್ಟು ಮಜವಾಗಿದೆ. ಮೈ ಎಲ್ಲಿ ತಂಪಾಗಿರುತ್ತದೋ ಅಲ್ಲಿ ಮಾತ್ರ ಬಣ್ಣ ಕೂರುತ್ತದೆ. ತಾಯಿ ಹೊಟ್ಟೆಯ ಬಿಸಿಯಲ್ಲಿದ್ದ ಮರಿ ಹುಟ್ಟುವಾಗ ಬೆಳ್ಳಗೇ ಇರುತ್ತದೆ, ಆಮೇಲೆ ತುದಿಗಳು ಕಪ್ಪಾಗುತ್ತವೆ. ಮಸಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿದಾಗ ಪಕ್ಕೆಯ ಕೂದಲು ಬೋಳಿಸಿದ್ದರು. ಮತ್ತೆ ಬಂದ ಕೂದಲು ನೋಡಿದರೆ ಅಂಗೈಯಗಲ ಕಂದು ತೇಪೆ! ಗಾಯವೇನಾದರೂ ಕೆಟ್ಟಿತಾ ಅಂತ ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಿದೆ. ಬೋಳಾಗಿದ್ದ ಚರ್ಮಕ್ಕೆ ತಂಪು ತಾಗಿದ್ದಕ್ಕೆ ಹಾಗಾಗಿದೆ ಅಂದರು. ಆ ಕೂದಲು ಉದುರಿ ಹೊಸದು ಬಂದಾಗ ತೇಪೆಯೂ ಹೋಯಿತು.

ಸರಿ, ಸ್ವಭಾವಕ್ಕೆ ಬರ್ತೀನಿ. ಇದು ಮಾತಿನ ಬೆಕ್ಕು. ಮಿಯಾಂವ್ ಅಂತ ಮೆಲ್ಲಗೆ ಹೇಳುವ ಜಾತಿಯಲ್ಲ. ಎಳೆ ಮಗು ರಚ್ಚೆ ಹಿಡಿದ ಹಾಗೆ ಒರಟು ದನಿ. ಊಟ ತಡವಾದರೆ ಒಂದು ರಾಗ, ಬಚ್ಚಲ ಬಾಗಿಲು ಹಾಕಿಕೊಂಡರೆ ಇನ್ನೊಂದು. ನಾನು "ಏನಮ್ಮಾ" ಅಂದರೆ ಉತ್ತರ ಕೊಡುತ್ತಾಳೆ, ಸುಮ್ಮನಿದ್ದರೆ ಹಿಂದೆಯೇ ಬಂದು ಕೇಳುತ್ತಾಳೆ. ಮನೆಯಲ್ಲಿ ಒಬ್ಬರನ್ನು ಆರಿಸಿಕೊಂಡು ಅವರಿಗೇ ಅಂಟಿಕೊಳ್ಳುವುದು ಇವುಗಳ ಗುಣ. ತಂದವಳು ಮಗಳು, ನನ್ನ ಹೆಗಲೇರಿದವಳು ಮಸಿ.

ಅದಕ್ಕೇ ನಾನು ಎಲ್ಲರಿಗೂ ಮೊದಲು ಕೇಳುವುದು ಒಂದೇ. ಹಗಲು ಮನೆಯಲ್ಲಿ ಯಾರಿರುತ್ತಾರೆ? ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ 9ಕ್ಕೆ ಹೋಗಿ ರಾತ್ರಿ 8ಕ್ಕೆ ಬರುವವರಾದರೆ ಈ ತಳಿಯ ಒಂಟಿ ಮರಿ ತರಬೇಡಿ. ತರಲೇಬೇಕು ಅಂದರೆ ಜೋಡಿ ತನ್ನಿ. ಒಂಟಿಯಾದರೆ ಇವು ಮಂಕಾಗುತ್ತವೆ, ಇಲ್ಲಾ ಕಿತಾಪತಿಗೆ ಇಳಿಯುತ್ತವೆ. ಉಣ್ಣೆ ಬಟ್ಟೆ ಚೀಪುವ ಚಾಳಿ ಈ ತಳಿಯಲ್ಲಿ ಜಾಸ್ತಿ. ನಾನು ಹದಿನೈದು ದಿನ ಊರಿಗೆ ಹೋಗಿ ಬಂದಾಗ ನನ್ನ ಶಾಲಿನ ಒಂದು ಮೂಲೆ ಒದ್ದೆಯಾಗಿ, ಬೆರಳು ತೂರುವಷ್ಟು ತೂತಾಗಿತ್ತು. ಬೈಯಲು ಬಾಯಿ ಬರಲಿಲ್ಲ. ಆದರೆ ನುಂಗಿದ ಉಣ್ಣೆ ಕರುಳಿಗೆ ಸಿಕ್ಕಿಹಾಕಿಕೊಳ್ಳಬಹುದು. ಅವತ್ತಿನಿಂದ ಶಾಲು, ಸ್ವೆಟರ್ ಎಲ್ಲ ಬೀರುವಿನಲ್ಲಿ, ಬೀಗ ಹಾಕಿ. ಬರೀ ಬಾಗಿಲು ಮುಂದೆ ಮಾಡಿದರೆ ಅವಳೇ ಕಾಲಿನಿಂದ ಎಳೆದು ತೆಗೆಯುತ್ತಾಳೆ.

ಆಟ ದಿನಾ ಬೇಕು. ಬೆಳಗ್ಗೆ 15 ನಿಮಿಷ, ರಾತ್ರಿ ಊಟಕ್ಕೆ ಮೊದಲು 15 ನಿಮಿಷ. ದುಬಾರಿ ಸಾಮಾನು ಬೇಡ. ಪೇಪರ್ ಉಂಡೆ ಎಸೆದರೆ ನಾಯಿಯ ಹಾಗೆ ಕಚ್ಚಿಕೊಂಡು ತರುತ್ತವೆ. ರಾತ್ರಿ ಆಡಿಸಿ, ಆಮೇಲೆ ಊಟ ಹಾಕಿದರೆ ನಾಲ್ಕೂವರೆಗೆ ಎಬ್ಬಿಸುವುದು ಕಡಿಮೆಯಾಗುತ್ತದೆ. ನಿಲ್ಲುತ್ತದೆ ಅಂತ ಹೇಳಲಾರೆ. ಏರುವುದಕ್ಕೆ ಎತ್ತರದ ಜಾಗವೂ ಬೇಕು. ನಾವು ಹಳೆ ಪುಸ್ತಕದ ಕಪಾಟಿನ ಮೇಲ್ಭಾಗ ಬಿಟ್ಟುಕೊಟ್ಟಿದ್ದೇವೆ. ಮಹಡಿ ಮನೆಯಾದರೆ ಮರಿ ಬರುವ ಮೊದಲೇ ಕಿಟಕಿ, ಬಾಲ್ಕನಿಗೆ ಗಟ್ಟಿ ಜಾಲರಿ ಹಾಕಿಸಿ. ಪಾರಿವಾಳ ಕಂಡರೆ ಬೆಕ್ಕಿಗೆ ಮೂರನೇ ಮಹಡಿಯ ಲೆಕ್ಕ ಇರುವುದಿಲ್ಲ.

ನಮ್ಮದು ಸಸ್ಯಾಹಾರಿ ಮನೆ. ಮೊಸರನ್ನದಲ್ಲೇ ಸಾಕಬಹುದು ಅಂತ ನಾನೂ ಅಂದುಕೊಂಡಿದ್ದೆ. ಆಗುವುದಿಲ್ಲ. ಊರಿನ ಬೆಕ್ಕು ಇಲಿ, ಹಲ್ಲಿ ತಿಂದು ಸರಿದೂಗಿಸುತ್ತಿತ್ತು, ನಾವು ನೋಡುತ್ತಿರಲಿಲ್ಲ ಅಷ್ಟೇ. ಮಾಂಸದಲ್ಲಿರುವ ಟಾರಿನ್ ಅನ್ನುವ ಅಂಶ ಬೆಕ್ಕಿಗೆ ಬೇಕೇ ಬೇಕು. ಇಲ್ಲದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಅಡುಗೆಮನೆಗೆ ಮಾಂಸ ತರದವರು ಬೆಕ್ಕಿನ ರೆಡಿಮೇಡ್ ಆಹಾರವನ್ನೇ ಹಾಕಿ, ಬೇರೆ ತಟ್ಟೆ ಇಡಿ. ನಾಯಿಯದು ಹಾಕಬೇಡಿ. ಹಾಲೂ ಬೇಡ. ಬೆಳೆದ ಎಷ್ಟೋ ಬೆಕ್ಕುಗಳಿಗೆ ಅದು ಅರಗದೆ ಭೇದಿಯಾಗುತ್ತದೆ. ಹಾಲು ಕಂಡರೆ ಓಡುತ್ತಿದ್ದ ತೆನಾಲಿ ರಾಮಕೃಷ್ಣನ ಬೆಕ್ಕೇ ಜಾಣ ಬೆಕ್ಕು ಅಂತ ಈಗ ಅನಿಸುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಏನನ್ನೂ ಕೊಡಬೇಡಿ, ರಕ್ತ ಕೆಡುತ್ತದೆ.

ನನ್ನ ಕೈಯಿಂದಲೇ ಆದ ತಪ್ಪೊಂದಿದೆ. ಗೌರಿ ಹಬ್ಬದ ಹಿಂದಿನ ದಿನ ನೆಲಕ್ಕೆ ಧಾರಾಳವಾಗಿ ಫಿನಾಯಿಲ್ ಹಾಕಿ ಒರೆಸಿದೆ. ಮಸಿ ಆ ಒದ್ದೆಯಲ್ಲೇ ಓಡಾಡಿ, ಮೂಲೆಯಲ್ಲಿ ಕೂತು ಪಾದ ನೆಕ್ಕಿಕೊಂಡಳು. ಸ್ವಲ್ಪ ಹೊತ್ತಿಗೆ ಬಾಯಿಂದ ಜೊಲ್ಲು. ಕರೆದರೆ ಉತ್ತರವಿಲ್ಲ. ಇಡೀ ದಿನ ವಟಗುಟ್ಟುವವಳು ಸುಮ್ಮನಾದಳಲ್ಲ, ನನ್ನ ಎದೆ ಧಸಕ್ ಅಂದಿತು. ಪಾದ ತೊಳೆದು ಡಾಕ್ಟರ ಹತ್ತಿರ ಓಡಿದೆವು, ಸದ್ಯ ಉಳಿದಳು. ಇಂಥ ರಾಸಾಯನಿಕವನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ತೀರಾ ಕಡಿಮೆಯಂತೆ. ಜ್ವರ ಬಂದಿದೆ ಅಂತ ನಮ್ಮ ಪ್ಯಾರಾಸಿಟಮಾಲ್ ಕೊಟ್ಟರೂ ಸಾಯುವುದು ಇದೇ ಕಾರಣಕ್ಕೆ. ಅರ್ಧ ಮಾತ್ರೆಯೂ ಬೇಡ. ನುಸಿ ಗುಳಿಗೆಯೂ ಅವುಗಳ ಮೂಗಿಗೆ ಸಿಗಬಾರದು.

ದೇವರ ಮನೆಯ ಮೇಲೂ ಒಂದು ಕಣ್ಣಿಡಿ. ಒಣಗಿದ ಹೂವಿನ ಮಾಲೆಯ ದಾರವನ್ನು ಬೆಕ್ಕು ಶಾವಿಗೆಯ ಹಾಗೆ ನುಂಗುತ್ತದೆ. ಬಾಯಿಂದಲೋ ಹಿಂದಿನಿಂದಲೋ ತುದಿ ಕಂಡರೆ ಎಳೆಯಬೇಡಿ. ಒಳಗೆ ಕರುಳು ಕುಯ್ಯುತ್ತದೆ. ಹಾಗೇ ಡಾಕ್ಟರ ಹತ್ತಿರ ಹೊರಡಿ.

ಹೆಣ್ಣು ಮರಿಯಾದರೆ ಆಪರೇಷನ್ ಮುಂದೂಡಬೇಡಿ. ಈ ತಳಿ ಬೇಗ ಬೆದೆಗೆ ಬರುತ್ತದೆ. ಮಸಿ 5 ತಿಂಗಳಿಗೇ ಶುರುಮಾಡಿದಳು. ಮೂರು ರಾತ್ರಿ ಆದಮೇಲೆ ಕೆಳಗಿನ ಮನೆಯವರು ಮೇಲೆ ಬಂದು, "ಆಂಟಿ, ಮಗುಗೆ ಹುಷಾರಿಲ್ವಾ?" ಅಂತ ಕೇಳಿದರು. ಲಸಿಕೆ ಎಲ್ಲ ಬೆಕ್ಕಿನ ಹಾಗೇ, 6ರಿಂದ 8 ವಾರಕ್ಕೆ ಶುರು. ಕೂದಲು ಗಿಡ್ಡ, ವಾರಕ್ಕೊಮ್ಮೆ ಬಾಚಿದರೆ ಸಾಕು. ಹಲ್ಲು ಮಾತ್ರ ಇವುಗಳದು ಬೇಗ ಕೆಡುತ್ತದೆ, ಮರಿಯಿದ್ದಾಗಲೇ ಉಜ್ಜಿಸಿಕೊಳ್ಳುವ ಅಭ್ಯಾಸ ಮಾಡಿಸಿ. ಒಂದು ಇಡೀ ದಿನ ಊಟ ಬಿಟ್ಟರೆ ಕಾಯಬೇಡಿ. ಗಂಡು ಬೆಕ್ಕು ಉಚ್ಚೆ ಬಾರದೆ ತಿಣುಕುತ್ತಾ ಕೂತಿದ್ದರೆ ರಾತ್ರಿಯಾದರೂ ಸರಿ, ತಕ್ಷಣ ಕರೆದೊಯ್ಯಿರಿ.

ಈಗ ನಾನು ಊರಿಗೆ ಹೋದರೆ ಮಸಿಯನ್ನು ಎಲ್ಲೂ ಬಿಡುವುದಿಲ್ಲ. ಮಲ್ಲೇಶ್ವರದ ನಾದಿನಿ ಬಂದು ನಮ್ಮ ಮನೆಯಲ್ಲೇ ಇರುತ್ತಾರೆ. ಇಬ್ಬರೂ ಸೋಫಾದಲ್ಲಿ ಕೂತು ಧಾರಾವಾಹಿ ನೋಡುತ್ತಾರೆ. ಜಾಹೀರಾತು ಬಂದಾಗ ಮಾತ್ರ ಮಸಿ ಮಾತಾಡುತ್ತಾಳಂತೆ. ನಾದಿನಿಯೂ ಅಷ್ಟೇ.