ಚಿಕೂನ್‌ಗುನ್ಯಾಗೆ ಮದ್ದು ಹುಡುಕಿದ ನಾಲ್ಕು ವರ್ಷಗಳ ಅನುಭವ

ಕೋಶಗಳಿಗೆ ಸೋಂಕು ತಗುಲಿಸಿ ಆರು ಗಂಟೆ ಕಳೆದ ಮೇಲಷ್ಟೇ ಔಷಧ ಹಾಕುತ್ತೇವೆ ಎಂದು ನಾನು ಮೊದಲ ಬಾರಿಗೆ ಹೇಳಿದಾಗ, ನಮ್ಮ ಪ್ರಸ್ತಾವವನ್ನು ಓದಿದ ಹಿರಿಯರೊಬ್ಬರು "ಒಳ್ಳೆಯ ಅಣುಗಳಲ್ಲಿ ಅರ್ಧವನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದಂತಾಗುತ್ತದೆ" ಎಂದರು. ವೈರಾಣು ಕೋಶದೊಳಗೆ ಹೋಗದಂತೆ ತಡೆಯುವ ಅಣುಗಳು ನಮ್ಮ ಜರಡಿಯಲ್ಲಿ ಸಿಗಲಾರವು ಎಂಬ ಅವರ ಮಾತು ಸರಿಯೇ ಆಗಿತ್ತು. ಆದರೆ ನನಗೆ ಬೇಡವಾಗಿದ್ದುದು ಅವೇ. ಜ್ವರ ಬಂದು ಎರಡು ದಿನವಾದ ಮೇಲೆ ಆಸ್ಪತ್ರೆಗೆ ಬರುವ ರೋಗಿಯ ಕೋಶಗಳೊಳಗೆ ವೈರಾಣು ಆಗಲೇ ಮನೆ ಮಾಡಿಕೊಂಡಿರುತ್ತದೆ. ಪ್ರವೇಶವನ್ನು ತಡೆಯುವ ಮಲೇರಿಯಾ ಔಷಧ ಕ್ಲೋರೊಕ್ವಿನ್ ಪ್ರಯೋಗಾಲಯದ ತಟ್ಟೆಯ ಕೋಶಗಳಲ್ಲಿ ಚಿಕೂನ್‌ಗುನ್ಯಾವನ್ನು ಚೆನ್ನಾಗಿಯೇ ತಡೆಯುತ್ತದೆ. ಆದರೂ 2006ರಲ್ಲಿ ರಿಯೂನಿಯನ್ ದ್ವೀಪದ ರೋಗಿಗಳಿಗೆ ಕೊಟ್ಟಾಗ ಅದರಿಂದ ಪ್ರಯೋಜನವಾಗಲಿಲ್ಲ, ಬದಲಿಗೆ 200ನೆಯ ದಿನದಲ್ಲಿ ಕೀಲುನೋವಿನ ದೂರು ಔಷಧ ಪಡೆದವರಲ್ಲೇ ಹೆಚ್ಚಾಗಿತ್ತು.

ಅದೇ 2006ರಲ್ಲಿ ಕರ್ನಾಟಕವೊಂದರಲ್ಲೇ ಏಳೂವರೆ ಲಕ್ಷ ಶಂಕಿತ ಪ್ರಕರಣಗಳು ದಾಖಲಾದವು. ತುಮಕೂರು ಜಿಲ್ಲೆಯ ನಮ್ಮ ಊರಿನಲ್ಲಿ ನನ್ನ ತಾಯಿ ಆರು ತಿಂಗಳು ಗೋಡೆ ಹಿಡಿದು ನಡೆದರು. ಈ ವೈರಾಣುವನ್ನು ನಾನು ಆರಿಸಿಕೊಂಡಿದ್ದಕ್ಕೆ ಬೇರೆ ಕಾರಣ ಬೇಕಿರಲಿಲ್ಲ.

ಆದರೂ ಮೊದಲ ಎರಡು ವರ್ಷ ನಾನೂ ಎಲ್ಲರ ದಾರಿಯಲ್ಲೇ ನಡೆದೆ. ಬಳಕೆಯಲ್ಲಿರುವ ಸುಮಾರು 1,300 ಔಷಧಗಳ ಸಂಗ್ರಹವನ್ನು ಏಳೆಂಟು ಲಕ್ಷ ರೂಪಾಯಿ ಕೊಟ್ಟು ತರಿಸಿ, ವೀರೋ ಕೋಶಗಳಿಗೆ (ಪ್ರಯೋಗಾಲಯದಲ್ಲಿ ಬೆಳೆಸುವ ಕೋತಿಯ ಮೂತ್ರಪಿಂಡದ ಕೋಶಗಳು) ಒಂದು ಗಂಟೆ ಮೊದಲೇ ಔಷಧ ಹಾಕಿ, ನಂತರ ವೈರಾಣು ಬಿಟ್ಟು, ಎಷ್ಟು ಕೋಶಗಳು ಉಳಿದವೆಂದು ನೋಡಿದೆವು. ಸುಮಾರು ಎಪ್ಪತ್ತು ಹಿಟ್‌ಗಳು, ಅಂದರೆ ವೈರಾಣುವನ್ನು ತಡೆದಂತೆ ಕಂಡ ಔಷಧಗಳು, ಸಿಕ್ಕವು, ಪ್ರಯೋಗಾಲಯದಲ್ಲಿ ಸಿಹಿಯನ್ನೂ ಹಂಚಿದೆವು. ಪಟ್ಟಿಯನ್ನು ಕೂತು ಓದಿದಾಗ ಅದರ ಬಹುಪಾಲು ಖಿನ್ನತೆಯ ಮಾತ್ರೆಗಳು, ಅಲರ್ಜಿಯ ಮಾತ್ರೆಗಳು ಮತ್ತು ಮಲೇರಿಯಾದ ಔಷಧಗಳೇ ಆಗಿದ್ದವು. ಇವೆಲ್ಲ ಕೋಶದ ಆಮ್ಲೀಯ ಚೀಲಗಳಲ್ಲಿ ಶೇಖರವಾಗಿ, ವೈರಾಣು ಒಳನುಗ್ಗಲು ಬೇಕಾದ ಅಲ್ಲಿನ ಆಮ್ಲತೆಯನ್ನು ಕೆಡಿಸುತ್ತವೆ. ಅಂದರೆ ಕ್ಲೋರೊಕ್ವಿನ್ ಮಾಡಿದ್ದನ್ನೇ ಬೇರೆ ಬೇರೆ ಹೆಸರುಗಳಲ್ಲಿ ಮಾಡುತ್ತಿದ್ದವು. ಮೇಲಾಗಿ ವೀರೋ ಕೋಶಗಳಿಗೆ ವೈರಾಣುವಿನ ವಿರುದ್ಧ ಎಚ್ಚರಿಸುವ ಟೈಪ್ 1 ಇಂಟರ್‌ಫೆರಾನ್ ಪ್ರೋಟೀನನ್ನು ತಯಾರಿಸುವ ಶಕ್ತಿಯೇ ಇಲ್ಲವಾದ್ದರಿಂದ, ಅವುಗಳಲ್ಲಿ ಕಂಡದ್ದು ಮನುಷ್ಯರ ಕೋಶಗಳಲ್ಲಿ ಕಾಣುತ್ತದೆಂಬ ಭರವಸೆಯೂ ಇರಲಿಲ್ಲ.

ಉಳಿದ ಐದಾರು ಅಣುಗಳಲ್ಲಿ ಒಂದು ನನ್ನನ್ನು ನಾಲ್ಕು ತಿಂಗಳು ದಾರಿ ತಪ್ಪಿಸಿತು. ಅದನ್ನು ಹಾಕಿದ ವೆಲ್‌ನ (ತಟ್ಟೆಯ ಗುಳಿಯ) ದ್ರವವನ್ನು ಹತ್ತು ಪಟ್ಟು ತೆಳುಗೊಳಿಸಿ ಪ್ಲಾಕ್‌ಗಳನ್ನು (ವೈರಾಣು ಕೋಶಗಳನ್ನು ಕೊಂದಲ್ಲಿ ಮೂಡುವ ಖಾಲಿ ಚುಕ್ಕೆಗಳು) ಎಣಿಸಿದರೆ ಒಂದೂ ಇರುತ್ತಿರಲಿಲ್ಲ. ನೂರು ಪಟ್ಟು ತೆಳುಗೊಳಿಸಿದಾಗ ನಾಲ್ಕೈದು ಪ್ಲಾಕ್‌ಗಳೂ ಸಾವಿರ ಪಟ್ಟಿನಲ್ಲಿ ಮೂವತ್ತರಷ್ಟೂ ಕಾಣುತ್ತಿದ್ದವು. ತೆಳುವಾದಂತೆ ಪ್ಲಾಕ್‌ಗಳು ಹೆಚ್ಚುವುದೆಂದರೆ, ದ್ರವದೊಂದಿಗೆ ಹರಿದು ಬಂದ ಔಷಧವೇ ಎಣಿಕೆಯ ತಟ್ಟೆಯ ಕೋಶಗಳನ್ನೂ ಕಾಯುತ್ತಿದೆ ಎಂದರ್ಥ. ಒಂದೇ ತೆಳುವನ್ನು ನೋಡಿ ಟೈಟರ್ (ವೈರಾಣುವಿನ ಪ್ರಮಾಣ) ಬರೆಯುವ ಅಭ್ಯಾಸವಿದ್ದವರು ದಯವಿಟ್ಟು ಮೂರನ್ನು ನೋಡಿ. ನಾವು ಈಗ ಎಣಿಕೆಗೆ ಮೊದಲು ಔಷಧವನ್ನು ಬೇರ್ಪಡಿಸುತ್ತೇವೆ. ಹೇಗೆಂಬುದನ್ನು ಪೇಟೆಂಟ್ ಅರ್ಜಿ ಮುಗಿಯುವವರೆಗೆ ನನ್ನಲ್ಲೇ ಇಟ್ಟುಕೊಳ್ಳಬೇಕಾಗಿದೆ.

ಅದೇ ಮಳೆಗಾಲದಲ್ಲಿ ನಮ್ಮ ಕೋಶಗಳಿಗೆ ಮೈಕೊಪ್ಲಾಸ್ಮಾ ಎಂಬ ಸೂಕ್ಷ್ಮ ಬ್ಯಾಕ್ಟೀರಿಯಾ ಹೊಕ್ಕಿತು. ಮೂರು ತಿಂಗಳ ದತ್ತಾಂಶವನ್ನೂ ದ್ರವಸಾರಜನಕದಲ್ಲಿದ್ದ ಕೋಶಗಳನ್ನೂ ಎಸೆದೆವು. ಕೋಶ ಬೆಳೆಸಲು ಬೇಕಾದ ಅರ್ಧ ಲೀಟರ್ ಸೀರಂಗೆ ನಲವತ್ತು ಸಾವಿರಕ್ಕೂ ಹೆಚ್ಚು ಬೆಲೆ ಬೀಳುತ್ತಿದ್ದ ಕಾಲವದು. ಆ ವರ್ಷ ನಾಲ್ಕು ಬಾಟಲಿಗಳು ಸಿಂಕಿಗೆ ಹೋದವು. ಅನುದಾನದ ಎರಡನೆಯ ಕಂತು ಒಂಬತ್ತು ತಿಂಗಳು ತಡವಾದ್ದರಿಂದ ಇಬ್ಬರು ವಿದ್ಯಾರ್ಥಿಗಳ ಭತ್ಯೆಯನ್ನು ಬೇರೆ ಲೆಕ್ಕದಿಂದ ಕೊಟ್ಟೆವು. ನಾಲ್ಕು ವರ್ಷಗಳ ಒಟ್ಟು ಖರ್ಚು ನಲವತ್ತೆರಡು ಲಕ್ಷದ ಆಸುಪಾಸಿನಲ್ಲಿ ನಿಂತಿತು. ರೋಬೊ ಯಂತ್ರಗಳಿಲ್ಲದೆ, ಎರಡು ಮಲ್ಟಿಚಾನೆಲ್ ಪಿಪೆಟ್‌ಗಳಲ್ಲಿ ಇದನ್ನು ಮಾಡಿದೆವೆಂಬ ಹೆಮ್ಮೆ ನನಗಿದೆ.

ಮೂರನೆಯ ವರ್ಷ ಎಲ್ಲವನ್ನೂ ಬದಲಿಸಿದೆ. ವೀರೋ ಬದಲಿಗೆ ಮಾನವ ಚರ್ಮದ ಫೈಬ್ರೊಬ್ಲಾಸ್ಟ್ ಕೋಶಗಳು. ಮೊದಲ ಸುತ್ತಿನಲ್ಲೇ ಹೆಚ್ಚುಕಡಿಮೆ ಎಲ್ಲ ಕೋಶಗಳೂ ಸೋಂಕಿಗೆ ಒಳಗಾಗಲೆಂದು ಕೋಶಕ್ಕೆ ಮೂರರಂತೆ ವೈರಾಣು. ಒಂದು ಗಂಟೆಯ ನಂತರ ಮೂರು ಬಾರಿ ತೊಳೆತ. ಆರನೆಯ ಗಂಟೆಗೆ ಔಷಧ. ಇಪ್ಪತ್ನಾಲ್ಕನೆಯ ಗಂಟೆಗೆ ದ್ರವ ಸಂಗ್ರಹ. 96 ವೆಲ್‌ಗಳ ತಟ್ಟೆಯಲ್ಲಿ ಅಂಚಿನ ವೆಲ್‌ಗಳು ಒಣಗುವುದರಿಂದ ಒಳಗಿನ ಅರವತ್ತನ್ನು ಮಾತ್ರ ಬಳಸಿದೆವು. ಉನ್ನತ ಸುರಕ್ಷತೆಯ ಕೊಠಡಿ ನಮಗೆ ವಾರಕ್ಕೆ ಎರಡು ದಿನ ಮಾತ್ರ ಸಿಗುತ್ತಿದ್ದುದರಿಂದ ಇಡೀ ಸಂಗ್ರಹವನ್ನು ಮುಗಿಸಲು ಏಳು ತಿಂಗಳಾಯಿತು. ಎಪ್ಪತ್ತರ ಪಟ್ಟಿ ಹನ್ನೊಂದಕ್ಕೆ ಇಳಿಯಿತು. ಹನ್ನೊಂದರಲ್ಲಿ ಏಳು ಅಣುಗಳು ಕೋಶಗಳನ್ನೇ ಕೊಲ್ಲುತ್ತಿದ್ದವು.

ನಡುವೆ ನೆಲಬೇವಿನ ಕಷಾಯವನ್ನೂ ಪರೀಕ್ಷಿಸಿದೆ. ಕುಡಿದವರು ಊರಿನಲ್ಲಿ ಹಲವರಿದ್ದರು, ನೋಡದೆ ತಳ್ಳಿಹಾಕಲು ಮನಸ್ಸಾಗಲಿಲ್ಲ. ಜೀವಂತ ಕೋಶಗಳು ಒಂದು ಬಣ್ಣದ ಪದಾರ್ಥವನ್ನು ನೇರಳೆಗೆ ತಿರುಗಿಸುವುದನ್ನು ಅಳೆಯುವ ಎಂಟಿಟಿ ಪರೀಕ್ಷೆಯಲ್ಲಿ ಕೋಶಗಳ ಜೀವಂತಿಕೆ ಶೇ. 140 ಎಂದು ಬಂತು. ಸಸ್ಯಸಾರಗಳಲ್ಲಿರುವ ಪಾಲಿಫಿನಾಲ್‌ಗಳು ಕೋಶಗಳ ನೆರವಿಲ್ಲದೆಯೇ ಎಂಟಿಟಿಯನ್ನು ನೇರಳೆಗೆ ತಿರುಗಿಸುತ್ತವೆ. ಕೋಶವೇ ಇಲ್ಲದ ವೆಲ್‌ನಲ್ಲಿ ಸಾರವನ್ನು ಹಾಕಿ ನೋಡಿದಾಗ ಅಲ್ಲಿಯೂ ಬಣ್ಣ ಬಂತು. ತೊಳೆದು ಮತ್ತೆ ಮಾಡಿದಾಗ, ವೈರಾಣುವನ್ನು ತಡೆಯುವ ಪ್ರಮಾಣ ಮತ್ತು ಕೋಶವನ್ನು ಕೊಲ್ಲುವ ಪ್ರಮಾಣಗಳ ನಡುವೆ ಎರಡು ಪಟ್ಟಿನ ಅಂತರವೂ ಉಳಿಯಲಿಲ್ಲ. ನಮ್ಮ ಕೈಯಲ್ಲಿ ಬಂದದ್ದು ಇಷ್ಟು. ನೆಲಬೇವಿನ ಮುಖ್ಯ ಅಂಶವಾದ ಆಂಡ್ರೊಗ್ರಾಫೊಲೈಡ್ ಶುದ್ಧ ರೂಪದಲ್ಲಿ ಬೇರೆ ಕಥೆ, ಅದನ್ನು ಇನ್ನೊಬ್ಬ ವಿದ್ಯಾರ್ಥಿನಿ ಮುಂದುವರಿಸುತ್ತಿದ್ದಾಳೆ.

ಕೊನೆಗೆ ಉಳಿದ ನಾಲ್ಕರಲ್ಲಿ ಒಂದು, ದಶಕಗಳಿಂದ ಸಂಪೂರ್ಣ ಬೇರೆ ಕಾಯಿಲೆಗೆ ಕೊಡುತ್ತಿರುವ ಅಗ್ಗದ ಮಾತ್ರೆ. ಅದು ಒಂದೂವರೆ ಮೈಕ್ರೊಮೋಲಾರ್ (ದ್ರಾವಣದ ಸಾಂದ್ರತೆಯ ಅಳತೆ) ಸುಮಾರಿಗೆ ವೈರಾಣುವನ್ನು ಅರ್ಧಕ್ಕೆ ಇಳಿಸುತ್ತದೆ, ಎಂಬತ್ತು ದಾಟಿದರೂ ಕೋಶಗಳು ಬದುಕಿರುತ್ತವೆ. ಸಹಯೋಗಿಗಳ ಪ್ರಯೋಗಾಲಯದಲ್ಲಿ ಇಲಿಗಳಿಗೆ ಸೋಂಕು ತಗುಲಿಸಿದ ಒಂದು ದಿನದ ನಂತರ ಕೊಟ್ಟಾಗ ಪಾದದ ಊತ ಮೂರನೆಯ ಒಂದರಷ್ಟು ಕಡಿಮೆಯಾಯಿತು, ರಕ್ತದಲ್ಲಿನ ವೈರಾಣು ಮೂವತ್ತು ಪಟ್ಟು ಇಳಿಯಿತು. ಬಾಗಿಲಿನ ಮಾತನಾಡಿದ್ದ ಹಿರಿಯರೇ ಆ ಫಲಿತಾಂಶದ ಚಿತ್ರವನ್ನು ತಮ್ಮ ಉಪನ್ಯಾಸಕ್ಕೆ ಕೇಳಿ ಪಡೆದರು. ಡೆಂಗಿ ವೈರಾಣುವಿನ ಎರಡನೆಯ ಸಿರೊಟೈಪ್ (ಉಪವಿಧ) ಮೇಲೆ ಮಾತ್ರ ಅದು ನಿರಾಸೆಗೊಳಿಸಿತು. ಬೇರೆ ಕುಟುಂಬದ ವೈರಾಣುವಾದ್ದರಿಂದ ನನಗೆ ಆಶ್ಚರ್ಯವಾಗಲಿಲ್ಲ. ಡೆಂಗಿಯ ನಾಲ್ಕೂ ಸಿರೊಟೈಪ್‌ಗಳನ್ನು ತಡೆಯುತ್ತಿದ್ದ ಮಾಸ್ನೊಡೆನ್‌ವಿರ್ ಎಂಬ ಔಷಧದ ಕ್ಷೇತ್ರಪ್ರಯೋಗವೇ 2024ರಲ್ಲಿ ನಿಂತುಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಈಗ ಅದೇ ಮಾತ್ರೆಯ ಸಮ್ಮುಖದಲ್ಲಿ ವೈರಾಣುವನ್ನು ಪೀಳಿಗೆಯಿಂದ ಪೀಳಿಗೆಗೆ ಬೆಳೆಸುತ್ತಿದ್ದೇವೆ. ಔಷಧವು ವೈರಾಣುವಿನ ಪ್ರೋಟೀನಿಗೇ ಅಂಟುತ್ತಿದ್ದರೆ ಎಂದಾದರೂ ಪ್ರತಿರೋಧ ಹುಟ್ಟಬೇಕು. ಕೋಶದ ಯಾವುದೋ ಕಾರ್ಯವನ್ನು ಹಿಡಿದಿದ್ದರೆ ಅದು ಅಷ್ಟು ಸುಲಭದಲ್ಲಿ ಹುಟ್ಟದು. ಹನ್ನೊಂದನೆಯ ಪ್ಯಾಸೇಜ್‌ವರೆಗೆ (ಪೀಳಿಗೆಯವರೆಗೆ) ಏನೂ ಇರಲಿಲ್ಲ. ಕಳೆದ ವಾರ ಹನ್ನೆರಡನೆಯದರಲ್ಲಿ, ಐದು ಮೈಕ್ರೊಮೋಲಾರ್ ಔಷಧವಿದ್ದ ವೆಲ್‌ನಲ್ಲಿ, ಮೂರು ದೊಡ್ಡ ಪ್ಲಾಕ್‌ಗಳು ಕಂಡವು. ಮೂರನ್ನೂ ಹೆಕ್ಕಿ ವೈರಾಣುವಿನ ಆನುವಂಶಿಕ ಅನುಕ್ರಮ ಓದಿಸಲು ಕಳುಹಿಸಿದ್ದೇವೆ.